ತಕ್ಕಡಿ ಹತ್ತದ ಪರಿಮಳ

ಬಾಳೂರಿನಲ್ಲಿ ಕೂತು ಟೀಯನ್ನು ಹೊಗಳುವುದೆಂದರೆ ಧರ್ಮಸ್ಥಳದಲ್ಲಿ ನಿಂತು ತಿರುಪತಿ ಲಾಡಿನ ರುಚಿ ವರ್ಣಿಸಿದ ಹಾಗೆ. ಕೊಟ್ಟಿಗೆಹಾರದಿಂದ ಕಳಸದ ಕಡೆ ಹೊರಟ ಬಸ್ಸಿನ ಯಾವ ಕಿಟಕಿಯಲ್ಲಿ ನೋಡಿದರೂ ಕಾಫಿ ಗಿಡ, ಅದರ ಮೇಲೆ ಸಿಲ್ವರ್ ಓಕು, ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ. ಮನೆಗೆ ಬಂದವರನ್ನು ಇಲ್ಲಿ 'ಕಾಫಿ ಕುಡಿದು ಹೋಗಿ' ಎಂದೇ ಕೂರಿಸುವುದು. 'ಟೀ ಮಾಡ್ತೀನಿ' ಅಂದರೆ ಮನೆಯಲ್ಲಿ ಕಾಫಿಪುಡಿ ಮುಗಿದಿದೆ ಎಂದೋ, ಬಂದವರು ಅಷ್ಟೇನೂ ಬೇಕಾದವರಲ್ಲ ಎಂದೋ ಅರ್ಥವಾಗುತ್ತದೆ. ಆದರೂ ಸಂಜೆ ನಾಲ್ಕೂವರೆಗೆ ನನ್ನ ಕೈಯಲ್ಲಿರುವುದು ಟೀ ಲೋಟ. ಬಹಳ ವರ್ಷಗಳಿಂದ ಹಾಗೆಯೇ.

ಕಾರಣ ಇಷ್ಟೆ. ಕಾಫಿ ನಮಗೆ ಕುಡಿಯುವ ವಸ್ತುವಲ್ಲ, ಲೆಕ್ಕ. ಒಂದು ಗುಟುಕು ಹೀರಿದರೆ 50 ಕೆಜಿ ಚೀಲದ ಇವತ್ತಿನ ರೇಟು ನೆನಪಾಗುತ್ತದೆ. ಎರಡನೇ ಗುಟುಕಿಗೆ ಹೂಮಳೆ ತಪ್ಪಿದ್ದು, ಮೂರನೆಯದಕ್ಕೆ ಕಾಂಡಕೊರಕ, ತಳದ ಗಸಿ ಬರುವ ಹೊತ್ತಿಗೆ ಬ್ಯಾಂಕಿನ ಸಾಲ. ಟೀ ಕುಡಿಯುವಾಗ ಇದ್ಯಾವುದೂ ತಲೆಗೆ ಬರುವುದಿಲ್ಲ. ಅದರ ಬೆಲೆ ಏರಿದರೆಷ್ಟು ಇಳಿದರೆಷ್ಟು! ಆ ಹತ್ತು ನಿಮಿಷ ನಾನು ಬೆಳೆಗಾರನಲ್ಲ, ಬರೀ ಕುಡಿಯುವವನು.

ಹಾಗಂತ ಟೀ ನಮಗೆ ಪರಕೀಯವೂ ಅಲ್ಲ. ಇದೇ ದಾರಿಯಲ್ಲಿ ಮುಂದೆ ಹೋದರೆ ಕೆಳಗೂರಿನ ಟೀ ತೋಟ. ಕಳಸ ದಾಟಿ ಕುದುರೆಮುಖದ ಹಾದಿ ಹಿಡಿದರೆ ಸಂಸೆಯ ತೋಟ. ಕಾಡಿನ ನೆರಳಲ್ಲಿ ಮುಳುಗಿದ ಕಾಫಿ ಕಂಡು ಸಾಕಾದ ಕಣ್ಣಿಗೆ, ಕ್ಷೌರ ಮಾಡಿಸಿಕೊಂಡ ಹಾಗೆ ಒಂದೇ ಮಟ್ಟದಲ್ಲಿ ನಿಂತ ಆ ಗುಡ್ಡಗಳು ಹಬ್ಬ. ಪ್ರವಾಸಿಗರು ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ ಕೊಟ್ಟಿಗೆಹಾರಕ್ಕೆ ಬಂದು ನೀರುದೋಸೆಯ ಜೊತೆ ಕಾಫಿ ಕೇಳುತ್ತಾರೆ.

ನಾನು ಹಾಲಿಲ್ಲದ, ಪರಿಮಳದ ಟೀಗೆ ಬಿದ್ದದ್ದು ಮಾತ್ರ ಶೋಕಿಯಿಂದಲ್ಲ, ಗತಿಯಿಲ್ಲದೆ. 2019ರ ಆಗಸ್ಟ್, ಆಶ್ಲೇಷ ಮಳೆ. ಆ ವರ್ಷ ಮೂಡಿಗೆರೆ ಸೀಮೆಯಲ್ಲಿ ಗುಡ್ಡಗಳು ಜರಿದದ್ದು, ಮಲೆಮನೆ, ಮಧುಗುಂಡಿಯವರು ಮನೆಮಠ ಕಳೆದುಕೊಂಡದ್ದು, ಚಾರ್ಮಾಡಿ ಘಾಟಿ ಮುಚ್ಚಿದ್ದು ಎಲ್ಲರಿಗೂ ಗೊತ್ತು. ನಮ್ಮ ಮನೆಗೆ ಏನೂ ಆಗಲಿಲ್ಲ. ಕರೆಂಟು ಹೋಯಿತು, ರಸ್ತೆಗೆ ಮರ ಬಿತ್ತು, ಹಾಲು ಬರುವುದು ನಿಂತಿತು, ಅಷ್ಟೆ. ಫಿಲ್ಟರ್ ಕಾಫಿಗೆ ಹಾಲಿಲ್ಲದಿದ್ದರೆ ನಮ್ಮ ಮನೆಯಲ್ಲಿ ಅದು ಔಷಧಿಗೆ ಸಮ. ಅಮ್ಮ ಒಲೆ ಹಚ್ಚಿ ನೀರಿಟ್ಟರು. ನನ್ನ ಕಡೆ ತಿರುಗಿ, 'ಅಂಗಳದ ಮೂಲೇಲಿ ಮಜ್ಜಿಗೆ ಹುಲ್ಲಿದೆ, ನಾಕು ಎಸಳು ತಗೊಂಡು ಬಾ ಮಾರಾಯ' ಅಂದರು. ಕೊಡೆ ಹಿಡಿದು ಹೋಗಿ ತಂದೆ. ಅವರು ಅದನ್ನು ಜಡೆ ಹೆಣೆದಂತೆ ಸುತ್ತಿ, ಗಂಟು ಹಾಕಿ, ಕುದಿಯುವ ನೀರಿಗೆ ಬಿಟ್ಟರು. ಮಳೆಗಾಲದ ಅಡುಗೆಮನೆಯಲ್ಲಿ ಯಾವಾಗಲೂ ಇರುವ ಹಸಿ ಕಟ್ಟಿಗೆಯ ಹೊಗೆ, ಒಣಗದ ಬಟ್ಟೆಯ ಮುಗ್ಗುಲು ವಾಸನೆ, ಅವೆರಡರ ನಡುವೆ ನಿಂಬೆಯಂಥ ಒಂದು ಕಂಪು ಎದ್ದು ಬಂತು. ಆಮೇಲೆ ಟೀ ಪುಡಿ, ಒಂದು ತುಂಡು ಬೆಲ್ಲ. ಆ ಐದು ದಿನ ನಾವು ಕುಡಿದದ್ದು ಅದನ್ನೇ. ಆರನೇ ದಿನ ಹಾಲು ಬಂತು. ನಾನು ಮಾತ್ರ ವಾಪಸು ಹೋಗಲಿಲ್ಲ.

ಪೇಟೆಯಲ್ಲಿ ಲೆಮನ್ ಗ್ರಾಸ್ ಎಂದು ಕರೆಯುವ ಈ ಹುಲ್ಲಿಗೆ ನಮ್ಮಲ್ಲಿ ಮಜ್ಜಿಗೆ ಹುಲ್ಲು ಎಂದು ಹೆಸರು, ಮಜ್ಜಿಗೆಗೆ ಹಾಕುವುದರಿಂದ. ಅದರ ಕಂಪಿಗೆ ಕಾರಣ ಸಿಟ್ರಾಲ್ ಎಂಬ ಎಣ್ಣೆಯ ಅಂಶ. ನಿಂಬೆಯ ಸಿಪ್ಪೆಯಲ್ಲೂ ಇರುವುದು ಅದೇ, ಆದರೆ ಹುಲ್ಲಿನಲ್ಲಿ ಹುಳಿಯಿಲ್ಲ. ಆದ್ದರಿಂದಲೇ ಹಾಲಿನ ಟೀಗೂ ನಡೆಯುತ್ತದೆ. ಇಡೀ ಎಸಳು ಹಾಕಿದರೆ ಬರೀ ಬಿಸಿನೀರು ಕುಡಿದಂತೆ. ಜಜ್ಜಬೇಕು ಇಲ್ಲವೇ ಹರಿಯಬೇಕು. ಐದು ನಿಮಿಷ ಕುದಿದ ಮೇಲೆ ಟೀ ಪುಡಿ, ಒಂದು ಕುದಿ, ಒಲೆಯಿಂದ ಇಳಿಸಿ ಮುಚ್ಚಿ ಮೂರು ನಿಮಿಷ. ಮುಚ್ಚಳ ಮರೆತರೆ ಪರಿಮಳ ಮಾಡಿಗೆ ಹೋಗುತ್ತದೆ, ಲೋಟಕ್ಕಲ್ಲ.

ನಿಂಬೆ ರಸ ಹಿಂಡಿದರೆ ಬೇರೆಯೇ ಆಟ. ಕರಿ ಟೀಯ ಲೋಟಕ್ಕೆ ನಾಲ್ಕು ಹನಿ ಬಿಡಿ, ನೋಡುತ್ತಿದ್ದಂತೆ ಕಡುಗೆಂಪು ಇಳಿದು ಜೇನಿನ ಬಣ್ಣವಾಗುತ್ತದೆ. ಟೀಗೆ ಬಣ್ಣ ಕೊಡುವ ಅಂಶಗಳು ಹುಳಿ ತಗುಲಿದೊಡನೆ ಮಂಕಾಗುತ್ತವೆ, ಅಷ್ಟೇ ವಿಜ್ಞಾನ. ಆದರೆ ಎಷ್ಟನೇ ಸಲ ನೋಡಿದರೂ ನನಗೆ ಬೇಜಾರಾಗಿಲ್ಲ. ಘಟ್ಟದ ಕೆಳಗಿನವರ ಕಣ್ಣ ಚಾ, ಬ್ಯಾರಿಗಳ ಮದುವೆಮನೆಯ ಸುಲೇಮಾನಿ, ಎಲ್ಲ ಇದರ ನೆಂಟರೇ. ಈಚಿನ ವರ್ಷಗಳಲ್ಲಿ ನಮ್ಮ ಸೀಮೆಯ ತೋಟಗಳಿಗೆ ಅಸ್ಸಾಮಿನಿಂದ ಕೆಲಸಕ್ಕೆ ಬರುವವರು ಕುಡಿಯುವ ಲಾಲ್ ಚಾ ಕೂಡ. ಲೈನ್ ಮನೆಯ ಹುಡುಗನೊಬ್ಬ ಅದಕ್ಕೆ ನಿಂಬೆಯ ಜೊತೆ ಚಿಟಿಕೆ ಉಪ್ಪನ್ನೂ ಹಾಕಿ ಕೊಟ್ಟ. ಮುಖ ಕಿವುಚಿಕೊಂಡೇ ಬಾಯಿಗಿಟ್ಟೆ. ಚೆನ್ನಾಗಿತ್ತು. ಟೀ ನಾಡಿನಿಂದ ಬಂದವನು ಕಾಫಿ ನಾಡಿನವನಿಗೆ ಟೀ ಕಲಿಸಿದ. ನಾನು ಅವನಿಗೆ ಕಾಫಿ ಕುಡಿಸಿದೆ, ಅವನಿಗೆ ಅದು ಹಿಡಿಸಲಿಲ್ಲ.

ಶುಂಠಿಯ ವಿಷಯ ಸ್ವಲ್ಪ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಹಾಲು ಒಡೆದ ಅಪವಾದವನ್ನು ಅದು ಹಾಲಿನವನ ತಲೆಗೆ ಕಟ್ಟಿದೆ. ಹಸಿ ಶುಂಠಿಯಲ್ಲಿ ಹಾಲನ್ನು ಒಡೆಯುವ ಕಿಣ್ವವೊಂದಿದೆ. ಚೀನಾದ ಗುವಾಂಗ್‌ಡಾಂಗ್ ಕಡೆ ಬಿಸಿ ಹಾಲನ್ನು ಶುಂಠಿ ರಸಕ್ಕೆ ಸುರಿದು ಗಿಣ್ಣಿನ ಹಾಗೆ ಗಟ್ಟಿ ಮಾಡಿ ತಿನ್ನುವುದೇ ಇದರ ಬಲದಿಂದ. ಉಗುರುಬೆಚ್ಚಗಿನ ಹಾಲಿಗೆ ಶುಂಠಿ ಜಜ್ಜಿ ಹಾಕಿ ಒಲೆ ಮೇಲಿಟ್ಟರೆ ಆಗುವುದು ಅದೇ ಗಿಣ್ಣು. ಬರೀ ನೀರಿನಲ್ಲಿ ಮೊದಲು ಚೆನ್ನಾಗಿ ಕುದಿಸಿದರೆ ಕಿಣ್ವ ಸಾಯುತ್ತದೆ, ಖಾರ ಉಳಿಯುತ್ತದೆ. ಆಮೇಲೆ ಹಾಲು ಹಾಕಿ, ಏನೂ ಆಗದು. ಬೆಲ್ಲವನ್ನು ಮಾತ್ರ ಒಲೆಯಿಂದ ಇಳಿಸಿದ ಮೇಲೆಯೇ.

ಏಲಕ್ಕಿಯನ್ನು ನಾನು ಟೀಗೆ ಹಾಕುವುದಿಲ್ಲ. ಬೆಚ್ಚಬೇಡಿ, ಸಿಪ್ಪೆ ಹಾಕುತ್ತೇನೆ. ಈ ಬೆಟ್ಟಗಳಲ್ಲಿ ಒಂದು ಕಾಲಕ್ಕೆ ಏಲಕ್ಕಿ ದೊಡ್ಡ ಬೆಳೆ. ಮೂಡಿಗೆರೆಯ ಸಂಶೋಧನಾ ಕೇಂದ್ರದಿಂದ ಹೊರಬಂದ ತಳಿಗೆ 'ಮೂಡಿಗೆರೆ-1' ಎಂದು ಊರಿನ ಹೆಸರೇ ಇದೆ. ಕಟ್ಟೆ ರೋಗ ಬಂದು ಎಷ್ಟೋ ಮಲೆಗಳು ಖಾಲಿಯಾದವು. ನಮ್ಮಲ್ಲಿ ಈಗ ಹಳ್ಳದ ಬದಿಗೆ ಹತ್ತಾರು ಬುಡ ಉಳಿದಿವೆ. ಕಾಳು ಪಾಯಸಕ್ಕೆ, ಸಿಪ್ಪೆ ನನ್ನ ಟೀ ಡಬ್ಬಿಗೆ. ಕಾಳು ಹಾಕಿದ ಟೀಯಲ್ಲಿ ಏಲಕ್ಕಿ ಮುಂದೆ, ಟೀ ಹಿಂದೆ. ಸಿಪ್ಪೆಯ ಜೊತೆ ಒಂದು ವಾರ ಕೂತ ಪುಡಿಯಲ್ಲಿ ಏಲಕ್ಕಿ ಇದೆಯೋ ಇಲ್ಲವೋ ಎಂದು ಯೋಚಿಸುವಷ್ಟು ಮಾತ್ರ ಇರುತ್ತದೆ. ನನಗೆ ಬೇಕಾದದ್ದು ಅಷ್ಟೇ.

ಟೀ ಪುಡಿಗೆ ಈ ಗುಣ ವಿಪರೀತ. ಪಕ್ಕದಲ್ಲಿ ಏನಿದ್ದರೂ ಹೀರಿಕೊಳ್ಳುತ್ತದೆ. ಚೀನಾದ ಫುಝೌನಲ್ಲಿ ಮಲ್ಲಿಗೆ ಟೀ ಮಾಡುವುದು ಈ ಗುಣವನ್ನೇ ನಂಬಿ. ಹಗಲು ಕೊಯ್ದ ಮೊಗ್ಗು ರಾತ್ರಿ ಬಿರಿಯುವಾಗ ಟೀ ಎಲೆಯ ಜೊತೆ ಹರಡಿ, ಬೆಳಿಗ್ಗೆ ಹೂವನ್ನು ಜರಡಿ ಹಿಡಿದು ತೆಗೆದುಬಿಡುತ್ತಾರೆ. ಮತ್ತೊಂದು ರಾತ್ರಿ ಹೊಸ ಮೊಗ್ಗು. ಹೀಗೆ ಹಲವು ರಾತ್ರಿ. ಕೊನೆಗೆ ಎಲೆಯಲ್ಲಿ ಹೂವೇ ಇಲ್ಲ, ಮಲ್ಲಿಗೆ ಇದೆ. ಇದನ್ನು ಓದಿ ಹುರುಪುಗೊಂಡ ನಾನು ಒಳ್ಳೆಯ ಎಲೆ ಟೀ ತಂದು, ಮುಚ್ಚಳ ಸಡಿಲವಾದ ಡಬ್ಬಿಗೆ ತುಂಬಿ, ನೋಡದೆ ಇಂಗಿನ ಡಬ್ಬಿಯ ಪಕ್ಕ ಇಟ್ಟೆ. ಹದಿನೈದು ದಿನದ ಮೇಲೆ ಬಂದ ನೆಂಟರಿಗೆ ಹೆಮ್ಮೆಯಿಂದ ಮಾಡಿಕೊಟ್ಟೆ. ಅವರು ಗೌರವಸ್ಥರು, ಪೂರ್ತಿ ಕುಡಿದರು. ಹೊರಡುವಾಗ ಅತ್ತಿಗೆಯ ಹತ್ತಿರ, 'ಸಾರು ಚೆನ್ನಾಗಿತ್ತು' ಅಂದರಂತೆ.

ಈಗ ಆ ಡಬ್ಬಿಯಲ್ಲಿ ಇರುವುದು ಕಿತ್ತಳೆ ಸಿಪ್ಪೆ. ಪೇಟೆಯ ಅಂಗಡಿಯಲ್ಲಿ ಸಿಗುವ ಅರ್ಲ್ ಗ್ರೇ ಟೀಯ ಕಂಪು ಇಟಲಿಯ ಕಲಾಬ್ರಿಯದಲ್ಲಿ ಬೆಳೆಯುವ ಬರ್ಗಮಾಟ್ ಎಂಬ ಹುಳಿಹಣ್ಣಿನ ಸಿಪ್ಪೆಯ ಎಣ್ಣೆಯದು. ನಮಗೆ ಅಷ್ಟು ದೂರ ಏಕೆ? ಕಾಫಿ ನಡುವೆ ಬೆಳೆಯುವ ಕೊಡಗಿನ ಕಿತ್ತಳೆ ಇದೆ. ಹಣ್ಣು ಮಕ್ಕಳಿಗೆ, ಸಿಪ್ಪೆಯಲ್ಲಿ ಅರ್ಧ ಗೊಜ್ಜಿಗೆ. ಇನ್ನರ್ಧದ ಒಳಗಿನ ಬಿಳಿಯನ್ನು ಕೆರೆದು, ಜನವರಿಯ ಬಿಸಿಲಿಗೆ ಗಲಗಲ ಅನ್ನುವವರೆಗೆ ಒಣಗಿಸಿ ಪುಡಿಯ ಜೊತೆ ಇಟ್ಟರೆ ಆಯಿತು. ಬಿಳಿ ಉಳಿದರೆ ಕಹಿ.

ಅಂಗಡಿಯ ಪರಿಮಳದ ಟೀಗಳ ಬಗ್ಗೆ ನನ್ನ ತೀರ್ಪು ಕಟುವಾದದ್ದು. ಬಹುಪಾಲು ಪೊಟ್ಟಣಗಳಲ್ಲಿ ಪುಡಿ ಸಾಧಾರಣ, ಅದನ್ನು ಮುಚ್ಚಲು ಮೇಲೊಂದು ವಾಸನೆ. ಸ್ಟ್ರಾಬೆರಿ ಟೀ, ಚಾಕೊಲೇಟ್ ಟೀ ಎಂದು ಬೆಂಗಳೂರಿನ ಮಕ್ಕಳು ತಂದುಕೊಟ್ಟದ್ದನ್ನೆಲ್ಲ ಕುಡಿದು ನೋಡಿದ್ದೇನೆ. ಮೊದಲ ಗುಟುಕಿಗೆ ಮೂಗು ಅರಳುತ್ತದೆ, ಮೂರನೆಯದಕ್ಕೆ ಸೋಪಿನ ನೆನಪಾಗುತ್ತದೆ. ಎಲೆಯೇ ಇಲ್ಲದ ಹೂ-ಬೇರುಗಳ ಮಿಶ್ರಣಕ್ಕೂ ಟೀ ಎಂದು ಚೀಟಿ ಅಂಟಿಸುವುದು ಇನ್ನೊಂದು. ಅದಕ್ಕೆ ಕಷಾಯ ಎಂಬ ಒಳ್ಳೆಯ ಹೆಸರು ನಮ್ಮಲ್ಲಿ ಇದ್ದೇ ಇದೆ. ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಪುಡಿ ಮಾಡಿದ ನಮ್ಮ ಕಷಾಯ ಟೀ ಎನಿಸಿಕೊಳ್ಳಲು ಹಪಹಪಿಸಿಲ್ಲ.

ನಿಜವಾದ ಪರಿಮಳ ಎಲೆಯೊಳಗಿನಿಂದಲೇ ಬರುವುದೂ ಉಂಟು. ಡಾರ್ಜಿಲಿಂಗ್‌ನ ಬೇಸಿಗೆಯ ಕೊಯ್ಲಿನ ಟೀಯಲ್ಲಿ ದ್ರಾಕ್ಷಿಯಂಥ ಒಂದು ವಾಸನೆ ಇರುತ್ತದೆ. ಅದಕ್ಕೆ ಪುಟ್ಟ ಹಸಿರು ಜಿಗಿಹುಳದ ಉಪಕಾರವೂ ಕಾರಣ. ಹುಳ ರಸ ಹೀರಿದ ಚಿಗುರು ತನ್ನ ರಕ್ಷಣೆಗೆಂದು ಹುಟ್ಟಿಸಿಕೊಳ್ಳುವ ವಸ್ತುಗಳೇ ಆ ಕಂಪು. ಇದನ್ನು ಓದಿದ ದಿನ ನನಗೆ ಹೊಟ್ಟೆಯುರಿಯಿತು. ನಮ್ಮ ಕಾಫಿಗೆ ಬೀಳುವ ಕಾಯಿಕೊರಕ ಇಷ್ಟು ವರ್ಷಗಳಲ್ಲಿ ಒಂದೇ ಒಂದು ಒಳ್ಳೆಯ ವಾಸನೆಯನ್ನೂ ಕೊಟ್ಟಿಲ್ಲ.

ಕೊನೆಗೆ ಉಳಿದದ್ದು ಕಾಫಿ ಸಿಪ್ಪೆ. ಕೊಯ್ಲಿನ ದಿನಗಳಲ್ಲಿ ಪಲ್ಪರ್ ಬಾಯಿಂದ ಬಿದ್ದ ಕೆಂಪು ಸಿಪ್ಪೆಯ ರಾಶಿ ಹುಳಿಯಾಗಿ ನಾರುವುದು, ಆಮೇಲೆ ಗೊಬ್ಬರದ ಗುಂಡಿಗೆ ಹೋಗುವುದು ನಾವೆಲ್ಲ ಕಂಡದ್ದೇ. ಯೆಮನ್‌ನಲ್ಲಿ ಅದೇ ಸಿಪ್ಪೆಯನ್ನು ಒಣಗಿಸಿ ಶುಂಠಿಯ ಜೊತೆ ಕುದಿಸಿ ಕಿಶ್ರ್ ಎಂದು ಕುಡಿಯುತ್ತಾರೆ. ಬಾಬಾ ಬುಡನ್ ಆ ದೇಶದಿಂದ ಏಳು ಬೀಜ ತಂದರೆಂಬ ಕಥೆ ನಮ್ಮ ಜಿಲ್ಲೆಯ ಮಕ್ಕಳಿಗೂ ಬಾಯಿಪಾಠ. ಬೀಜ ಬೆಟ್ಟ ಹತ್ತಿತು, ಸಿಪ್ಪೆ ಕುದಿಸುವ ರೂಢಿ ಹತ್ತಲಿಲ್ಲ. ಈಗ ಹೊರದೇಶದ ಅಂಗಡಿಗಳಲ್ಲಿ ಅದು ಕಾಸ್ಕರಾ ಎಂಬ ಹೆಸರಿನಲ್ಲಿ ಮಾರಾಟಕ್ಕಿದೆ. ಆ ಸ್ಪ್ಯಾನಿಷ್ ಪದಕ್ಕೂ ಸಿಪ್ಪೆ ಎಂದೇ ಅರ್ಥ. ನಾನು ಎರಡು ವರ್ಷದಿಂದ ಮಾಡುತ್ತಿದ್ದೇನೆ. ಮನೆ ಹಿಂದಿನ, ಔಷಧಿ ಹೊಡೆಯದ ನಾಲ್ಕು ಗಿಡಗಳ ಪೂರ್ತಿ ಹಣ್ಣಾದ ಅರೇಬಿಕಾ ಮಾತ್ರ. ಬೋರ್ಡೋ ದ್ರಾವಣ ಬಿದ್ದ ಗಿಡದ್ದು ಬೇಡವೇ ಬೇಡ. ಸಿಪ್ಪೆ ತೊಳೆದು, ರಾಶಿ ಹಾಕದೆ ತೆಳ್ಳಗೆ ಹರಡಿ ಒಣಗಿಸಬೇಕು. ಒಂದು ಮೋಡದ ದಿನ ಸಾಕು ಬೂಸ್ಟು ಹಿಡಿಯಲು, ಹಿಡಿದದ್ದನ್ನು ಎಸೆಯಬೇಕು. ಕುದಿಸಿ ಸೋಸಿದರೆ ಒಣದ್ರಾಕ್ಷಿ, ಹುಣಸೆ, ಸ್ವಲ್ಪ ಜೇನು, ಹೀಗೆ ಏನೇನೋ ನೆನಪಾಗುವ ರುಚಿ. ಕಾಫಿ ಮಾತ್ರ ನೆನಪಾಗುವುದಿಲ್ಲ. ಕೆಫೀನ್ ಇದ್ದೇ ಇರುತ್ತದೆ, ರಾತ್ರಿ ಕುಡಿದು ನಿದ್ದೆ ಬರಲಿಲ್ಲ ಎಂದು ನನ್ನನ್ನು ಬೈಯಬೇಡಿ. ಇದೂ ಕಷಾಯವೇ ಹೊರತು ಟೀಯಲ್ಲ, ಒಪ್ಪಿಕೊಂಡೆ.

ಹಿಂದಿನದನ್ನೆಲ್ಲ ಓದಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹುಲ್ಲು, ಏಲಕ್ಕಿ ಸಿಪ್ಪೆ, ಕಿತ್ತಳೆ ಸಿಪ್ಪೆ, ಕಾಫಿ ಸಿಪ್ಪೆ: ನನ್ನ ಲೋಟಕ್ಕೆ ಬಿದ್ದ ಇವ್ಯಾವುದೂ ಮೂಡಿಗೆರೆಯ ಮಂಡಿಯಲ್ಲಿ ತಕ್ಕಡಿ ಹತ್ತುವ ವಸ್ತುವಲ್ಲ. ಬೇಕೆಂದು ಆರಿಸಿದ್ದಲ್ಲ, ಹಾಗಾಯಿತು.

ಈ ಭಾನುವಾರ ಮಾಡಿ ನೋಡುವವರು ಮಜ್ಜಿಗೆ ಹುಲ್ಲಿನಿಂದಲೇ ಶುರು ಮಾಡಿ, ಪಕ್ಕದ ಮನೆಯಲ್ಲಿ ಕೇಳಿದರೆ ಒಂದು ಹಿಡಿ ಕೊಟ್ಟೇ ಕೊಡುತ್ತಾರೆ. ಕೈಯಲ್ಲಿ ಎಳೆಯಲು ಹೋಗಬೇಡಿ, ಎಸಳಿನ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಕತ್ತಿ ತೆಗೆದುಕೊಂಡು ಹೋಗಿ.