ಬಂಡೆಯ ಮೇಲಿನ ಗೋಣಿತಟ್ಟು: ರಿಚ್ಪಳ ಮೌನದ ಓದು

ಬೈಬಲಿನ ಎರಡನೆಯ ಸಮುವೇಲನ ಗ್ರಂಥವನ್ನು ಓದುವವರ ಗಮನ ದಾವೀದನ ಯುದ್ಧಗಳು ಮತ್ತು ಅವನ ಮಗ ಅಬ್ಷಾಲೋಮನ ದಂಗೆಯ ಕಡೆಗೆ ಹರಿಯುವುದರಿಂದ, ಅದರ 21ನೆಯ ಅಧ್ಯಾಯದಲ್ಲಿ ಬರುವ ರಿಚ್ಪಳ ಕಥನ ಬಹುಪಾಲು ಓದುಗರ ಕಣ್ತಪ್ಪಿ ಹೋಗುತ್ತದೆ. ಅರಸ ಸೌಲನ ಉಪಪತ್ನಿ, ಅಂದರೆ ರಾಣಿಯ ಸ್ಥಾನವಿಲ್ಲದ ಮಡದಿಯಾದ ಈಕೆ ಗ್ರಂಥದಲ್ಲಿ ಎರಡೇ ಕಡೆ ಕಾಣಿಸಿಕೊಳ್ಳುತ್ತಾಳೆ. ಎರಡೂ ಕಡೆ ಒಂದು ಮಾತನ್ನೂ ಆಡುವುದಿಲ್ಲ. 3ನೆಯ ಅಧ್ಯಾಯದಲ್ಲಂತೂ ಆಕೆ ಸೇನಾಪತಿ ಅಬ್ನೇರ ಮತ್ತು ಸೌಲನ ಮಗ ಈಷ್ಬೋಶೆತರ ಜಗಳಕ್ಕೆ ನೆಪವಾದ ಹೆಸರು ಮಾತ್ರ.

ದಾವೀದನ ಆಳ್ವಿಕೆಯಲ್ಲಿ ಸತತ 3 ವರ್ಷ ಬರ ಬಿದ್ದಾಗ, ಇಸ್ರಾಯೇಲ್ಯರ ಆಣೆಯ ರಕ್ಷಣೆಯಲ್ಲಿದ್ದ ಗಿಬ್ಯೋನ್ಯರನ್ನು ಸೌಲನು ಕೊಲ್ಲಿಸಿದ್ದೇ ಅದಕ್ಕೆ ಕಾರಣವೆಂದು ತಿಳಿದುಬರುತ್ತದೆ. ಪರಿಹಾರವಾಗಿ ಅವರು ಸೌಲನ ವಂಶದ 7 ಮಂದಿಯನ್ನು ಕೇಳಲು, ಅರಸನು ರಿಚ್ಪಳ ಇಬ್ಬರು ಮಕ್ಕಳನ್ನೂ ಸೌಲನ 5 ಮೊಮ್ಮಕ್ಕಳನ್ನೂ ಒಪ್ಪಿಸುತ್ತಾನೆ. ಜವೆಗೋದಿಯ ಸುಗ್ಗಿಯ ಆರಂಭದಲ್ಲಿ ಅವರನ್ನು ಕೊಂದು ಬೆಟ್ಟದ ಮೇಲೆ ತೂಗುಹಾಕಲಾಗುತ್ತದೆ. ಹೀಬ್ರೂ ಜನರು ಶೋಕದಲ್ಲಿ ಉಡುತ್ತಿದ್ದ ಗೋಣಿತಟ್ಟನ್ನು ರಿಚ್ಪ ಬಂಡೆಯ ಮೇಲೆ ಹಾಸಿಕೊಂಡು, ಮಳೆ ಸುರಿಯುವ ತನಕ ಹಗಲು ಹಕ್ಕಿಗಳನ್ನೂ ಇರುಳು ಕಾಡುಮೃಗಗಳನ್ನೂ ಹೆಣಗಳ ಬಳಿ ಸುಳಿಯಗೊಡುವುದಿಲ್ಲ. ಉಡಬೇಕಾದ ಬಟ್ಟೆಯನ್ನು ಹಾಸಿಗೆಯಾಗಿಸುವ ಈ ಒಂದೇ ವಿವರದಿಂದ, ಶೋಕವು ಆಚರಣೆಯ ಗಡಿ ದಾಟಿ ಕಾವಲಾಗಿ ಮಾರ್ಪಟ್ಟದ್ದನ್ನು ಕಥನಕಾರನು ಕಾಣಿಸುತ್ತಾನೆ.

ತೂಗುಹಾಕಿದವನ ಶವವನ್ನು ಅದೇ ದಿನ ಹೂಳಬೇಕೆಂಬ ಧರ್ಮೋಪದೇಶಕಾಂಡದ ವಿಧಿಯೊಡನೆ ಇಟ್ಟು ಓದಿದಾಗ, ಅರಸನೂ ಪ್ರಜೆಗಳೂ ಕೈಬಿಟ್ಟ ಧರ್ಮವನ್ನು ಆ ತಾಯಿ ಒಬ್ಬಳೇ ಹೊತ್ತುಕೊಂಡಿದ್ದಾಳೆಂಬುದು ಸ್ಪಷ್ಟವಾಗುತ್ತದೆ. ಆಕೆ ಮಾಡಿದ್ದನ್ನು ಕೇಳಿದ ದಾವೀದನು ಯಾಬೇಷ್ ಗಿಲ್ಯಾದಿನಿಂದ ಸೌಲ ಮತ್ತು ಅವನ ಮಗ ಯೋನಾತಾನರ ಎಲುಬುಗಳನ್ನು ತರಿಸಿ, ಬೆಟ್ಟದ ಮೇಲಿನ ಏಳು ಮಂದಿಯ ಎಲುಬುಗಳನ್ನೂ ಕೂಡಿಸುತ್ತಾನೆ. ದೇವರು ನಾಡಿನ ಮೊರೆಗೆ ಓಗೊಟ್ಟನೆಂಬ ಮಾತನ್ನು ಕಥನಕಾರನು ಏಳು ಮಂದಿಯ ಮರಣದ ಬೆನ್ನಿಗೆ ಬರೆಯದೆ, ಎಲುಬುಗಳನ್ನು ಹೂಳಿದ ನಂತರವೇ ಬರೆದಿರುವುದು ಕಥನದ ನೈತಿಕ ಕೇಂದ್ರವಾಗಿದೆ. ರಕ್ತಕ್ಕೆ ರಕ್ತವೇ ಬರವನ್ನು ನೀಗಿಸಿತೆಂಬ ರೂಢಿಯ ಓದಿಗೆ ಈ ಕ್ರಮ ಎಡೆಗೊಡುವುದಿಲ್ಲ.

ಆದರೂ ಕಥನದ ಕೊರತೆಯನ್ನು ಮರೆಮಾಚಲಾಗದು. ಹೀಬ್ರೂ ಪಾಠವು ಸೌಲನ ತಂದೆ ಕೀಷನ ಸಮಾಧಿಯಲ್ಲಿ ಹೂಳಿದವರೆಂದು ಸೌಲ ಮತ್ತು ಯೋನಾತಾನರನ್ನಷ್ಟೇ ಹೆಸರಿಸುತ್ತದೆ. ಏಳು ಮಂದಿಯೂ ಅಲ್ಲಿ ಸೇರಿದರೆಂಬ ಮಾತು ಪ್ರಾಚೀನ ಗ್ರೀಕ್ ಅನುವಾದದಲ್ಲಿ ದೊರೆಯುತ್ತದೆ. ಮಳೆ ಸುರಿಯುವ ತನಕ ಕಾದ ತಾಯಿ ಬಂಡೆಯಿಂದ ಎದ್ದು ಎಲ್ಲಿಗೆ ಹೋದಳೆಂಬುದನ್ನು ಎರಡು ಪಾಠಗಳೂ ಹೇಳುವುದಿಲ್ಲ.