ಶಾಸನಕ್ಕೆ ಕಣ್ಣೊಂದೇ ಸಾಕೇ?

ಚಾಮರಾಜನಗರದಿಂದ ಪುಣಜನೂರಿನ ಮೇಲೆ ಸತ್ಯಮಂಗಲಕ್ಕೆ ಹೋಗುವವರು ಕಾಡು ಶುರುವಾದ ಕೂಡಲೇ ಗಾಡಿಯ ಗಾಜು ಇಳಿಸಿ ಕಿವಿಗೊಡುತ್ತಾರೆ. ಅದೇ ಜನ ಇದೇ ಜಿಲ್ಲೆಯ ಶಾಸನದ ಮುಂದೆ ನಿಂತರೆ ಒಂದು ಫೋಟೋ ತೆಗೆದು ಹೊರಟುಬಿಡುತ್ತಾರೆ. ಇದನ್ನು ಜನರ ನಿರಾಸಕ್ತಿ ಅಂತ ದೂರುವುದು ಸುಲಭ. ನನ್ನ ಪ್ರಕಾರ ದೋಷ ನಾವು ಕಲ್ಲನ್ನು ತೋರಿಸುವ ಕ್ರಮದಲ್ಲಿದೆ.

ಸಾಮಗ್ರಿಗೇನೂ ಬರವಿಲ್ಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 4ನೇ ಸಂಪುಟ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಪಾಠಗಳನ್ನು 1898ರಲ್ಲೇ ಪ್ರಕಟಿಸಿತು. ಆದರೆ ಪಾಠ ಗ್ರಂಥಾಲಯದಲ್ಲಿ, ಕಲ್ಲು ಬಯಲಲ್ಲಿ ಉಳಿಯಿತು.

ಪ್ರವಾಸಿಗರ ಅನುಭವ ಹೆಚ್ಚಿಸಬೇಕು ಅಂದ ಕೂಡಲೇ ಬಣ್ಣದ ದೀಪ, ಧ್ವನಿವರ್ಧಕದ ಮಾತು ಬರುತ್ತೆ. ಶಾಸನಕ್ಕೆ ಇದರಿಂದ ಲಾಭವಿಲ್ಲ. ಎದುರಿನಿಂದ ಬೀಳುವ ಪ್ರಖರ ಬೆಳಕು ಅಕ್ಷರದ ನೆರಳನ್ನೇ ನುಂಗುತ್ತದೆ. ಸವೆದ ಅಕ್ಷರ ಎದ್ದು ಕಾಣಲು ಬೆಳಕು ಪಕ್ಕದಿಂದ ಓರೆಯಾಗಿ ಬೀಳಬೇಕು. ಅದಕ್ಕೆ ಒಂದು ಟಾರ್ಚ್ ಸಾಕು.

ಹಾಗಾದರೆ ಮುಟ್ಟಬಹುದಾ? ಮೂಲವನ್ನು ಮುಟ್ಟಬಾರದು. ಹಂಪಿಯ ವಿಜಯವಿಠ್ಠಲ ದೇವಾಲಯದ ಸಂಗೀತದ ಕಂಬಗಳನ್ನು ಬಡಿಯದಂತೆ ತಡೆದದ್ದು ಸರಿ. ಅಕ್ಷರ ಕಾಣಲಿ ಅಂತ ಸುಣ್ಣ, ಹಿಟ್ಟು ಬಳಿಯುವ ನಮ್ಮ ಆಸಕ್ತರ ಅಭ್ಯಾಸವೂ ನಿಲ್ಲಬೇಕು. ಆದರೆ ಬೇಡ ಅಂದಮೇಲೆ ಬದಲಿಗೆ ಏನಾದರೂ ಕೊಡಬೇಕಲ್ವಾ? ಹಲ್ಮಿಡಿ ಶಾಸನದ ಮೂಲ ಮೈಸೂರಿನಲ್ಲಿದೆ, ಊರಲ್ಲಿ ಪ್ರತಿಕೃತಿ ಇದೆ. ಪ್ರತಿಕೃತಿಯ ದೊಡ್ಡ ಉಪಯೋಗವೇ ಅದನ್ನು ಮುಟ್ಟಬಹುದು ಅನ್ನೋದು. ಕಣ್ಣು ಕಾಣದವರೂ ಅದರ ಮೇಲೆ ಬೆರಳಾಡಿಸಿ ಅಕ್ಷರದ ಬಾಗು ಅರಿಯಬಹುದು. ಮಕ್ಕಳು ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ತಟ್ಟಿ, ಮಸಿ ಒತ್ತಿ ಪಡಿಯಚ್ಚು ತೆಗೆಯಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳ ತ್ರೀಡಿ ಸ್ಕ್ಯಾನ್ ಮಾಡಿಸುತ್ತಿದೆ. ಅಂಥ ಸ್ಕ್ಯಾನ್‌ನಿಂದ ಪ್ರತಿಕೃತಿ ಮಾಡುವುದೂ ಈಗ ಕಷ್ಟವಲ್ಲ.

ಇನ್ನು ಕಿವಿ. ಹಳೆಯ ಲಿಪಿ ಕಣ್ಣಿಗೆ ತೊಡಕು. ಯಾರಾದರೂ ಪದ ಬಿಡಿಸಿ ಗಟ್ಟಿಯಾಗಿ ಓದಿದರೆ ಅರ್ಧ ತೊಡಕು ಕಳೆಯುತ್ತೆ. ದಾನಶಾಸನಗಳ ಕೊನೆಯ ಶಾಪದಲ್ಲಿ ಬರುವ ‘ಕವಿಲೆ’, ‘ವಾರಣಾಸಿ’ ಕಿವಿಗೆ ಬಿದ್ದರೆ ವಿಷಯ ಏನು ಅಂತ ಹಳ್ಳಿಯವರಿಗೂ ಹೊಳೆಯುತ್ತದೆ. ತಮ್ಮೂರಿನ ಕೆರೆ, ಗದ್ದೆಯ ಹೆಸರು ಅದರಲ್ಲಿ ಕೇಳಿಸಿದರಂತೂ ಕಲ್ಲು ಅವರದೇ ಆಗುತ್ತದೆ. ಆಮೇಲೆ ಅದಕ್ಕೆ ಎಮ್ಮೆ ಕಟ್ಟುವವರನ್ನು ಅವರೇ ತಡೀತಾರೆ.

ಕೋಟಿಗಟ್ಟಲೆ ಹಣದ ಯೋಜನೆ ಬೇಡ. ಜಿಲ್ಲೆಯ ಒಂದೇ ಒಂದು ಶಾಸನದ ಬಳಿ ಪ್ರತಿಕೃತಿ, ಓರೆ ಬೆಳಕು, ಊರಿನವರದೇ ದನಿಯಲ್ಲಿ ಎರಡು ನಿಮಿಷದ ಓದು, ಇಷ್ಟನ್ನು ಮಾಡಿ ನೋಡೋಣ. ರಕ್ಷಣೆ ಅಂದರೆ ಬರೀ ಬೇಲಿ ಅಲ್ಲ.