ಬಾನೆಟ್ಟಿನಡಿಯ ಬಿಡಾರ

ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ನೆಂಟರ ಮನೆಯಲ್ಲಿ ನಮ್ಮ ಕಾರು ನಾಲ್ಕು ದಿನ ಕೊಟ್ಟಿಗೆಯಲ್ಲಿ ನಿಂತಿತ್ತು. ಐದನೆಯ ದಿನ ಸ್ಟಾರ್ಟ್ ಆಗಲಿಲ್ಲ. ಬಾನೆಟ್ ಎತ್ತಿದರೆ ಬ್ಯಾಟರಿಯ ಪಕ್ಕ ಇಲಿಯೊಂದು ಸಂಸಾರ ಹೂಡಿತ್ತು: ಅಡಿಕೆ ಸಿಪ್ಪೆಯ ನಾರು, ಗೋಣಿದಾರ, ಹೀರೆಕಾಯಿ ಬೀಜ, ಅರ್ಧ ತಿಂದ ಕೊಬ್ಬರಿ ಚೂರು, ಮಗುವಿನ ಕೆಂಪು ರಿಬ್ಬನ್ನು. ಕೆಳಗೆ ವಯರುಗಳ ಮೈ ಸುಲಿದು ತಾಮ್ರ ಹೊಳೆಯುತ್ತಿತ್ತು. ಇಲಿಯ ಮುಂಬಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಕಡಿಯದೆ ಅದಕ್ಕೆ ಬದುಕಿಲ್ಲ.

“ಪಾಷಾಣ ಇಡಿ, ಇಲ್ಲಾಂದ್ರೆ ಮತ್ತೆ ಬರ್ತದೆ ಮಾರಾಯ್ರೆ” ಎಂದರು ಮೆಕ್ಯಾನಿಕ್ಕು. ಊರಿನ ಎಲ್ಲರ ಸಲಹೆಯೂ ಅದೇ. ಈ ಸಲಹೆಯ ಮೇಲೇ ನನ್ನ ತಕರಾರು.

ಅಂಗಡಿಯಲ್ಲಿ ಸಿಗುವ ಕಪ್ಪು ಪುಡಿ ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಾಗಿದೊಡನೆ ಅದು ವಿಷಾನಿಲವಾಗುತ್ತದೆ. ಮನುಷ್ಯರ ಹೊಟ್ಟೆ ಸೇರಿದರೆ ಅದಕ್ಕೆಂದೇ ಇರುವ ಪ್ರತಿವಿಷವಿಲ್ಲ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಇದನ್ನು ಅಕ್ಕಿಹಿಟ್ಟಿಗೆ ಕಲಸಿ ಮೂಲೆಯಲ್ಲಿಡುವುದನ್ನು ಕಂಡರೆ ನನಗೆ ಎದೆ ನಡುಗುತ್ತದೆ. ಸ್ವಲ್ಪ ತಿಂದು ಸಂಕಟಪಟ್ಟು ಉಳಿದ ಇಲಿ ಮತ್ತೆ ಆ ತಿಂಡಿಯನ್ನು ಮೂಸುವುದಿಲ್ಲ. ಇನ್ನೊಂದು ವಿಷವಾದ ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ಕೆಲವು ದಿನ ಓಡಾಡಿಕೊಂಡೇ ಇದ್ದು, ರಕ್ತ ಹೆಪ್ಪುಗಟ್ಟದೆ ಸಾಯುತ್ತದೆ. ಅಷ್ಟರಲ್ಲಿ ಅದನ್ನು ಹಿಡಿದು ತಿಂದ ಕಣಜಗೂಬೆಗೂ ಬೆಕ್ಕಿಗೂ ಆ ವಿಷ ದಾಟುತ್ತದೆ. ನಮ್ಮ ಪರವಾಗಿ ಪುಕ್ಕಟೆ ದುಡಿಯುವವರನ್ನೇ ನಾವು ಕೊಲ್ಲುತ್ತಿದ್ದೇವೆ.

ಅಂಟಿನ ಹಲಗೆ ಇದಕ್ಕಿಂತ ಕೆಟ್ಟದ್ದು. ಒಮ್ಮೆ ನಾನೂ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಸಿಕ್ಕಿದ್ದು ಕೇರೆಹಾವಿನ ಮರಿ. ಅಡುಗೆ ಎಣ್ಣೆ ಸವರುತ್ತ ಬಾಲದ ಕಡೆಯಿಂದ ಬಿಡಿಸಲು ಒಂದು ಗಂಟೆ ಹಿಡಿಯಿತು. ಬದುಕಿತೋ ಇಲ್ಲವೋ ತಿಳಿಯಲಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಈ ಹಲಗೆ ಬೇಡವೆಂದು ರಾಜ್ಯಗಳಿಗೆ ಬರೆದಿದೆ. ಆದರೂ ಮಾರಾಟ ನಿಂತಿಲ್ಲ.

ಬಾನೆಟ್ಟಿನೊಳಗೆ ಹೊಗೆಸೊಪ್ಪು, ನುಸಿಗುಳಿಗೆ ಕಟ್ಟುವವರಿದ್ದಾರೆ. ವಾಸನೆ ಆರುವವರೆಗೆ ಮಾತ್ರ ಅದರ ಕೆಲಸ. ಬೋನಿನಲ್ಲಿ ಹಿಡಿದು ಪಕ್ಕದವರ ತೋಟಕ್ಕೆ ಬಿಟ್ಟು ಬರುವುದು ಅವರಿಗೆ ಮಾಡುವ ಅನ್ಯಾಯ. ಕೊಲ್ಲಲೇಬೇಕಾದಲ್ಲಿ ಗೋಡೆಗೆ ತಾಗಿಸಿ, ಒಣಮೀನಿನ ಚೂರು ಸಿಕ್ಕಿಸಿ ಇಟ್ಟ ಇಲಿಕತ್ತರಿ ಇವೆಲ್ಲಕ್ಕಿಂತ ಮೇಲು. ಇಲಿ ಗೋಡೆಯ ಬುಡ ಹಿಡಿದೇ ಓಡುತ್ತದೆ, ಒಂದೇ ಏಟಿಗೆ ಸಾಯುತ್ತದೆ.

ಸತ್ತದ್ದನ್ನು ಬರಿಗೈಯಲ್ಲಿ ಎತ್ತಬಾರದು. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಇರುವುದು ಇದೇ ಸೊರಬ ತಾಲ್ಲೂಕಿನಲ್ಲಿ. ಆ ರೋಗ ಹರಡುವ ಉಣುಗು ಎಳೆಯದಾಗಿದ್ದಾಗ ಕಾಡಿನ ಇಲಿ, ಸೊಂಡಿಲಿಗಳ ಮೈಮೇಲೆ ರಕ್ತ ಹೀರುತ್ತದೆ. ಇಲಿಜ್ವರವಂತೂ ಇಲಿಯ ಉಚ್ಚೆ ಬೆರೆತ ನೀರಿನಿಂದ ಬರುತ್ತದೆ.

ಎಷ್ಟು ಇಲಿ ಸತ್ತವು ಎಂಬುದರಿಂದ ಗೆಲುವನ್ನು ಅಳೆಯುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಮೂರು ವಾರಕ್ಕೆ ಗರ್ಭ ತುಂಬಿ, ಒಂದು ಸೂಲಿಗೆ ಆರೆಂಟು ಮರಿ ಹಾಕುವ ಪ್ರಾಣಿ ಅದು; ಕಾಳು, ಕತ್ತಲೆ, ಕಿಂಡಿ ಇರುವವರೆಗೆ ಖಾಲಿಯಾದ ಜಾಗ ತುಂಬುತ್ತಲೇ ಇರುತ್ತದೆ. ಗದ್ದೆಯ ಹೆಗ್ಗಣ ಭತ್ತದ ತೆನೆ ಕಡಿದು ಬಿಲದೊಳಗೆ ಕೂಡಿಡುತ್ತದೆ. ಕೊಯ್ಲಾಗಿ ಗದ್ದೆ ಬರಿದಾದ ಮೇಲೆ ಇಲಿಗಳ ದಾರಿ ಕಣದಿಂದ ಮನೆಗೆ. ಭೂಮಿ ಹುಣ್ಣಿಮೆಯಂದು ಬಸುರಿ ಭೂಮಿಗೆ ಬಯಕೆಯೂಟ ಬಡಿಸುವಾಗ ಕೆಲವು ಮನೆಗಳವರು ಇಲಿಗೂ ಒಂದು ಎಡೆ ಇಡುತ್ತಾರೆ. ಗದ್ದೆಯಲ್ಲಿ ಅದಕ್ಕೊಂದು ಪಾಲು ಕೊಟ್ಟು, ಮನೆಯ ಕಣಜವನ್ನು ಭದ್ರ ಮಾಡಿಕೊಂಡ ಹಿರಿಯರ ಕ್ರಮ ನನಗೆ ಪಾಷಾಣದ ಪೊಟ್ಟಣಕ್ಕಿಂತ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ.

ನೆಂಟರ ಮನೆಯಲ್ಲಿ ಎರಡು ದಿನ ಕೂತು ಮಾಡಿದ್ದು ಇಷ್ಟೇ. ಹೆಬ್ಬೆರಳು ತೂರುವ ಕಿಂಡಿಗಳಿಗೆಲ್ಲ ಸಿಮೆಂಟು, ಹಂಚಿನ ಸಂದಿಗೆ ಸಣ್ಣ ಕಣ್ಣಿನ ಜಾಲರಿ, ಕಣಜದ ಬಾಗಿಲ ತಳಕ್ಕೆ ತಗಡು. ಹಿಂಡಿ, ತೌಡಿನ ಚೀಲಗಳು ಮುಚ್ಚಳದ ಡ್ರಮ್ಮಿಗೆ ಹೋದವು. ಕಾರು ಕೊಟ್ಟಿಗೆ ಬಿಟ್ಟು ಅಂಗಳಕ್ಕೆ ಬಂತು. ನಾವು ಅಲ್ಲಿಗೆ ಹೋದಾಗಲೆಲ್ಲ, ಓಡಿಸದ ದಿನಗಳಲ್ಲಿ ರಾತ್ರಿ ಅದರ ಬಾನೆಟ್ಟು ತೆರೆದೇ ಇರುತ್ತದೆ, ಮರೆಯಿಲ್ಲದಲ್ಲಿ ಇಲಿ ಗೂಡು ಕಟ್ಟಲು ಹಿಂಜರಿಯುತ್ತದೆ. ಮೂರು ಮಳೆಗಾಲ ಕಳೆದರೂ ವಯರಿಗೆ ಹಲ್ಲು ತಾಗಿಲ್ಲ. ಬಾಗಿಲ ತಳದ ತಗಡು ಮಾತ್ರ ಈ ವರ್ಷ ತುಕ್ಕು ಹಿಡಿದಿದೆ. ಕೊಯ್ಲಿಗೆ ಮೊದಲು ಬದಲಿಸಬೇಕು.